ಲೆಕ್ಕಕ್ಕೆ ಬಾರದ ಒಂದು ಹಿಡಿ

ಜೂನ್ 8, ಭಾನುವಾರ. ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಶುರು. ಮಲೇಷ್ಯಾದ ಪೆಟಾಲಿಂಗ್ ಜಯಾದ ಹತ್ತನೆಯ ಮಹಡಿಯಲ್ಲಿ, ನಮ್ಮ ಅಡುಗೆಮನೆಯ ಮೇಜಿನ ಮುಂದೆ.

ಅಕ್ಕಿಡಬ್ಬಿ ತೊಳೆಯೋಣವೆಂದು ಹೊರಟವಳು ಅದರೊಳಗಿನ ಅಳತೆಯ ಟಿನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದು ಕಾಲದಲ್ಲಿ ಅದು ಚಹಾಕ್ಕೆ ಹಾಕುವ ಸಿಹಿ ಗಟ್ಟಿಹಾಲಿನ ಟಿನ್ನು. ಈಗ ತಳದಲ್ಲಿ ಮೂರು ಕಡೆ ತುಕ್ಕು ಹಿಡಿದಿದೆ. "ಇದನ್ನ ಎಸೆದು ಹೊಸದು ಇಟ್ಟುಕೊಳ್ಳೋಣ" ಎಂದೆ. ನನ್ನ ಜೊತೆ ಮನೆ ಹಂಚಿಕೊಂಡಿರುವ ಸುಯಿ ಎದುರಿಗೆ ಬೆಳ್ಳುಳ್ಳಿ ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಎಸಿ. ಅದರ ಹಿಂದೆ ನೀನೂ ಹೋಗ್ತೀಯ, ಲಿಫ್ಟ್ ಇಲ್ಲದೆ" ಎಂದಳು. ನಾನು ಟಿನ್ನನ್ನು ಒರೆಸಿ ಮೇಜಿನ ಮೇಲಿಟ್ಟೆ. ತೊಳೆಯುವ ಕೆಲಸ ಅಲ್ಲಿಗೇ ನಿಂತಿತು, ಬರೆಯುವ ಕೆಲಸ ಶುರುವಾಯಿತು. ನನ್ನ ಮನೆಗೆಲಸಗಳ ಗತಿ ಸಾಮಾನ್ಯವಾಗಿ ಇಷ್ಟೇ.

ನಾನು ಎಣಿಸುವವಳು. ನಾಲ್ಕನೆಯ ತರಗತಿಯಿಂದ ದಿನಚರಿ ಇಟ್ಟಿದ್ದೇನೆ. ಅದರಲ್ಲಿ ಭಾವನೆಗಳು ಕಡಿಮೆ, ಅಂಕಿಗಳು ಹೆಚ್ಚು. ಈ ವರ್ಷ ಇಲ್ಲಿಯವರೆಗೆ ನಮ್ಮ ಲಿಫ್ಟು ಕೆಟ್ಟದ್ದು ಹನ್ನೊಂದು ಸಲ. ಕೆಳಮಹಡಿಯ ಲಲಿತಾ ಆಂಟಿ ನನ್ನ ಮದುವೆ ಯಾವಾಗ ಎಂದು ಕೇಳಿದ್ದು ಹತ್ತೊಂಬತ್ತು ಸಲ, ಅದರಲ್ಲಿ ನಾಲ್ಕು ಸಲ ಕೆಟ್ಟ ಲಿಫ್ಟಿನ ಮುಂದೆಯೇ. ಹೊಟ್ಟೆಪಾಡಿಗೂ ಇದೇ ವಿದ್ಯೆ. ಒಂದು ಬಿಸ್ಕತ್ತು ಕಾರ್ಖಾನೆಯಲ್ಲಿ ಗಂಟೆಗೆ ಇಷ್ಟು ಬಿಸ್ಕತ್ತು ಎತ್ತಿ, ತೂಗಿ, ಮುರಿದು, ಎಷ್ಟು ಚೂರಾಯಿತೆಂದು ಬರೆಯುವುದು ನನ್ನ ಕೆಲಸ. "ಬಿಸ್ಕೀಟ್ ಮುರಿಲಿಕ್ಕೆ ಅಲ್ಲಿತನಾ ಹೋಗಬೇಕಿತ್ತೇನು? ಇಲ್ಲೇ ನಾಕ್ ಹುಡುಗರು ಪುಕ್ಕಟ ಮುರೀತಾವು" ಎಂದು ಹುಬ್ಬಳ್ಳಿಯಿಂದ ಅಮ್ಮ ಈಗಲೂ ಹೇಳುತ್ತಾಳೆ.

ಎಣಿಸುವುದನ್ನು ಕಲಿಸಿದವಳು ಅಜ್ಜಿ, ಅಮ್ಮನ ಅಮ್ಮ. ರೈಲ್ವೆ ಕ್ವಾರ್ಟರ್ಸಿನ ಎರಡೇ ಕೋಣೆಯ ಮನೆಯಲ್ಲಿ ಎಂಟು ಜನಕ್ಕೆ ಅನ್ನ ಮಾಡುತ್ತಿದ್ದಳು. ಪಾವಿನಿಂದ ಅಕ್ಕಿ ಅಳೆಯುವಾಗ ಮೊದಲನೆಯದಕ್ಕೆ ಒಂದು ಎನ್ನುತ್ತಿರಲಿಲ್ಲ. "ಲಾಭ, ಎರಡು, ಮೂರು..." ನಾನು ಶಾಲೆಯಲ್ಲೂ ಹಾಗೆಯೇ ಎಣಿಸಿ ಮೇಷ್ಟ್ರ ಕೈಯಲ್ಲಿ ಕಿವಿ ಹಿಂಡಿಸಿಕೊಂಡಿದ್ದೇನೆ. ಒಂಬತ್ತನೆಯ ವಯಸ್ಸಿಗೆ ಅಜ್ಜಿಯ ಅಕ್ಕಿಯ ಲೆಕ್ಕ ಬರೆಯುವ ಅಧಿಕಾರವನ್ನು ನಾನೇ ನನಗೆ ಕೊಟ್ಟುಕೊಂಡೆ. ಮೊದಲ ದಿನವೇ ತಕರಾರು ಎದ್ದಿತು. ಅಜ್ಜಿ ಎಂಟು ಪಾವು ಅಳೆದು ಮೊರಕ್ಕೆ ಸುರಿದಳು, ಆಮೇಲೆ ಅದರಿಂದ ಒಂದು ಹಿಡಿ ತೆಗೆದು ಮೂಲೆಯ ಸಣ್ಣ ಗಡಿಗೆಗೆ ಹಾಕಿದಳು.

"ಅಜ್ಜಿ, ಇದು ಈಗ ಎಂಟು ಪಾವಿಗೆ ಒಂದು ಹಿಡಿ ಕಡಿಮಿ ಆತು. ಏನಂತ ಬರೀಲಿ?"

"ಎಂಟಂತನ ಬರಿ."

"ಹಿಡಿ?"

"ಹಿಡಿ ಬರಿಯೂದಲ್ಲ."

ಲೆಕ್ಕ ತಿಳಿಯದ ಹೆಂಗಸು ಎಂದುಕೊಂಡು ಎಂಟು ಎಂದು ಬರೆದೆ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಅಜ್ಜಿಯ ತಪ್ಪು' ಎಂದೂ ಸೇರಿಸಿದೆ. ಆ ನೋಟುಬುಕ್ಕು ಇನ್ನೂ ಇದೆ.

ಸುಯಿ ಈ ಮನೆಗೆ ಬಂದದ್ದು ಹೋದ ವರ್ಷ ಆಗಸ್ಟಿನಲ್ಲಿ, ಒಂದು ಬ್ಯಾಗು, ಒಂದು ಹೊಲಿಗೆ ಕತ್ತರಿ ಮತ್ತು ಈ ಟಿನ್ನಿನೊಂದಿಗೆ. ಹತ್ತಿರದ ಮಾಲ್ ಒಂದರಲ್ಲಿ ಬಟ್ಟೆ ತಿದ್ದಿ ಕೊಡುವ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಊರು ಬರ್ಮಾದ ಪಶ್ಚಿಮದ ಗುಡ್ಡಗಳಲ್ಲಿ, ನಮ್ಮ ಮಿಜೋರಾಂ ಗಡಿಯ ಹತ್ತಿರ. ಊರಿನ ಹೆಸರು ಬರೆಯಬೇಡ ಎಂದಿದ್ದಾಳೆ, ಬರೆಯುವುದಿಲ್ಲ. ಅಲ್ಲಿ ಯುದ್ಧ ನಡೆಯುತ್ತಿದೆ, ಒಂದೇ ದೇಶದವರ ನಡುವೆ. ಅವಳ ಪೂರ್ತಿ ಹೆಸರಿನ ಅರ್ಥ ಹೊನ್ನಿನ ಹೂ ಎಂದು ತಿಳಿದ ದಿನದಿಂದ ಅಮ್ಮ ಅವಳನ್ನು ಹೊನ್ನವ್ವ ಎಂದೇ ಕರೆಯುತ್ತಾಳೆ. ಇಬ್ಬರಿಗೂ ತಿಳಿದ ಪದ ಒಂದೇ ಒಂದೂ ಇಲ್ಲ, ಆದರೂ ವಿಡಿಯೋ ಕರೆಯಲ್ಲಿ ಹತ್ತು ನಿಮಿಷ ಮಾತಾಡುತ್ತಾರೆ. ನಾನು ಮತ್ತು ಸುಯಿ ಮಾತಾಡುವುದು ಇಂಗ್ಲಿಷಿಗೆ ಮಲಯ ಕಲಸಿದ ಒಂದು ಉಪ್ಪಿಟ್ಟಿನಲ್ಲಿ. ಇಲ್ಲಿ ಅದನ್ನು ಕನ್ನಡಕ್ಕೆ ಇಳಿಸಿದ್ದೇನೆ.

ಅವಳ ಊರಿನಲ್ಲಿ ಅಕ್ಕಿ ಅಳೆಯುವುದೇ ಗಟ್ಟಿಹಾಲಿನ ಟಿನ್ನಿನಲ್ಲಂತೆ. ಸೇರು ಇಲ್ಲ, ಕಿಲೋ ಇಲ್ಲ. ಮನೆಗೆ ಬಂದ ಮೊದಲ ಬೆಳಗ್ಗೆ ಟಿನ್ನು ಅದ್ದಿ ತನ್ನ ಭಾಷೆಯಲ್ಲಿ ಒಂದು ಎಂದಳು. ನನಗೆ ತಡೆಯಲಾಗಲಿಲ್ಲ.

"ಒಂದು ಅನ್ನಬಾರದು. ಲಾಭ ಅನ್ನು."

"ಲಾಬಾ ಅಂದ್ರೆ?"

"ಪ್ರಾಫಿಟ್."

ಅವಳು ಅಕ್ಕಿ ನೋಡಿದಳು, ನನ್ನನ್ನು ನೋಡಿದಳು. "ಅಕ್ಕಿ ನಮ್ಮದು, ತಿನ್ನೋದು ನಾವೇ. ಪ್ರಾಫಿಟ್ ಯಾರಿಗೆ?" ಆದರೆ ಮರುದಿನದಿಂದ "ಲಾಬಾ, ಎರದು, ಮೂರು" ಎಂದೇ ಎಣಿಸತೊಡಗಿದಳು. ಮೂರರ ಮೇಲೆ ನಮಗೆ ಬೇಕಾಗಿಯೂ ಇರಲಿಲ್ಲ.

ಈ ಮನೆಯಲ್ಲಿ ನಿಜವಾಗಿ ಮೂರು ಜನ ಇದ್ದೇವೆ ಎಂದರೂ ಸುಳ್ಳಲ್ಲ. ಮೂರನೆಯವಳು ಸುಯಿಯ ತಂಗಿ ಎಸ್ತರ್. ಅವಳು ಇರುವುದು ಆ ಗುಡ್ಡದ ಊರಿನಲ್ಲಿ, ತಾಯಿ, ದೊಡ್ಡಮ್ಮ ಮತ್ತು ದೊಡ್ಡಮ್ಮನ ಇಬ್ಬರು ಸಣ್ಣ ಮೊಮ್ಮಕ್ಕಳ ಜೊತೆ. ಇಪ್ಪತ್ತೊಂದು ವರ್ಷ. ಊರಿಗೆ ನೆಟ್ ಇಲ್ಲ. ಭಾನುವಾರ ಚರ್ಚ್ ಮುಗಿಸಿ ಒಂದು ಗಂಟೆ ಗುಡ್ಡ ಹತ್ತಿದರೆ ಗಡಿಯಾಚೆಯ ಭಾರತದ ಸಿಗ್ನಲ್ ಸಿಗುತ್ತದೆ. ಅಲ್ಲೊಂದು ಬಂಡೆ. ಅದರ ಮೇಲೆ ನಿಂತು ವಾರವಿಡೀ ಕೂಡಿಟ್ಟ ಸುದ್ದಿಯನ್ನು ಧ್ವನಿ ಸಂದೇಶ ಮಾಡಿ ಕಳಿಸುತ್ತಾಳೆ. ನಮಗದು ಮಧ್ಯಾಹ್ನ ಎರಡೂವರೆಯ ಸುಮಾರಿಗೆ ಬರುತ್ತದೆ. "ನೋಡಿದ್ಯಾ, ನಮ್ಮ ದೇಶದ ಸಿಗ್ನಲ್" ಎಂದು ನಾನು ಮೊದಮೊದಲು ಮೀಸೆ ತಿರುವುತ್ತಿದ್ದೆ. "ನಿಮ್ಮ ದೇಶದ ಸಿಗ್ನಲ್ ಮೋಡ ಕಂಡ್ರೆ ಮನೆಗೆ ಓಡಿಹೋಗ್ತದೆ" ಎಂದು ಸುಯಿ ಬಾಯಿ ಮುಚ್ಚಿಸಿದಳು.

ಎರಡೂವರೆಗೆ ಸುಯಿ ಫೋನನ್ನು ಇದೇ ಟಿನ್ನಿಗೆ ಒರಗಿಸಿ ಇಡುತ್ತಾಳೆ, ಸಾಲು ಸಾಲಾಗಿ ನಿಲ್ಲಿಸಿ ನನಗೆ ಅರ್ಥ ಹೇಳುತ್ತಾಳೆ. ನಾನು ಬರೆದುಕೊಳ್ಳುತ್ತೇನೆ. ಯುದ್ಧದ ಸುದ್ದಿ ಎಂದರೆ ಬಾಂಬು, ಬಂದೂಕು ಎಂದುಕೊಂಡಿದ್ದ ನನಗೆ ಎಸ್ತರಳ ಸುದ್ದಿಗಳು ಬೇರೆಯೇ ಲೋಕ ತೋರಿಸಿದವು. ಶಿಕ್ಷಕಿಯಾಗಲು ಓದುತ್ತಿದ್ದ ಅವಳ ಕಾಲೇಜು ಮುಚ್ಚಿದೆ. ಆದ್ದರಿಂದ ಚರ್ಚಿನ ಕೆಳಗಿನ ಕಂಬಗಳ ನಡುವೆ ಇಪ್ಪತ್ತಮೂರು ಮಕ್ಕಳಿಗೆ ಪಾಠ ಮಾಡುತ್ತಾಳೆ. ಸೀಮೆಸುಣ್ಣ ಸಿಗದೆ ಹಲಗೆಯ ಮೇಲೆ ಇದ್ದಿಲಿನಿಂದ ಬರೆಯುತ್ತಾಳೆ, ಸಂಜೆ ಅವಳೂ ಮಕ್ಕಳೂ ಒಂದೇ ಬಣ್ಣ. ಊರಿಗೆಲ್ಲ ಒಂದು ಸೋಲಾರ್ ಹಲಗೆ, ಅದರ ಮುಂದೆ ಫೋನುಗಳ ಸರದಿ. ಕೌಲಾಲಂಪುರದಲ್ಲಿ ಹುಡುಗಿಯರು ಹಣೆಯ ಮೇಲೆ ಕೂದಲು ಬಿಡುತ್ತಾರಾ ಎಂದು ಕೇಳಿದಳು. ಹೌದು ಎಂದ ವಾರವೇ ಸ್ಟೀಲ್ ತಟ್ಟೆಯಲ್ಲಿ ಮುಖ ನೋಡಿಕೊಂಡು ತಾನೇ ಕತ್ತರಿಸಿಕೊಂಡಳು. ಆಮೇಲೆ ಮೂರು ಭಾನುವಾರ ಧ್ವನಿ ಮಾತ್ರ ಬಂತು, ಫೋಟೋ ಬರಲಿಲ್ಲ.

ಹಿತ್ತಲಲ್ಲಿ ಒಂದು ಗುಂಡಿ ತೋಡಿದ್ದಾರೆ. ವಿಮಾನದ ಸದ್ದು ಕೇಳಿದರೆ ಎಲ್ಲರೂ ಅದರೊಳಗೆ ಇಳಿಯಬೇಕು. ಆದರೆ ಮನೆಯ ಕೋಳಿಗಳು ಆ ಗುಂಡಿ ತಮಗಾಗಿಯೇ ತೋಡಿದ್ದೆಂದು ತಿಳಿದು ಅಲ್ಲಿ ಮೊಟ್ಟೆ ಇಡತೊಡಗಿವೆ. ಜನ ಇಳಿದರೆ ಕೋಳಿಗಳಿಗೆ ಕೋಪ, ಕಾಲಿಗೆ ಕುಕ್ಕುತ್ತವೆ. ದೊಡ್ಡಮ್ಮ ಗುಂಡಿಯೊಳಗೂ ಚಿಲುಮೆ ಬಿಡುವುದಿಲ್ಲ. "ವಿಮಾನಕ್ಕೆ ಹೆದರಿ ಇಳೀತೀವಿ, ಹೊಗೆಗೆ ಹೆದರಿ ಹತ್ತುತೀವಿ" ಎಂದಳು ಎಸ್ತರ್. ನಾನು ಎರಡು ಕಾಲಂ ಮಾಡಿದೆ: ಗುಂಡಿಗೆ ಇಳಿದದ್ದು, ಗುಂಡಿಯಲ್ಲಿ ಸಿಕ್ಕ ಮೊಟ್ಟೆ. ಮಾರ್ಚ್ ತಿಂಗಳಲ್ಲಿ ಒಂಬತ್ತಕ್ಕೆ ಇಪ್ಪತ್ತೆರಡು. ಸುಯಿ ಆ ಪುಟ ನೋಡಿ, "ಅಂತೂ ಈ ಯುದ್ಧದಲ್ಲಿ ಗೆಲ್ತಿರೋದು ಕೋಳಿ" ಎಂದಳು. ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಸ್ವಲ್ಪ ಹೆಚ್ಚು ಹೊತ್ತೇ ಒರೆಸಿಕೊಂಡಳು.

ನಾನು ಕೆಟ್ಟದ್ದು ಏಪ್ರಿಲ್ 27ರ ಭಾನುವಾರ. ಆ ದಿನದ ಸಂದೇಶದಲ್ಲಿ ಎಸ್ತರ್, ಪೇಟೆಯ ರಸ್ತೆ ಮುಚ್ಚಿದೆ, ಅಕ್ಕಿ ಬರುತ್ತಿಲ್ಲ, ಅಮ್ಮ ಡಬ್ಬಿಯಲ್ಲಿದ್ದುದನ್ನು ಅಳೆದಳು, ನೂರ ನಲವತ್ತು ಟಿನ್ನು ಇದೆ, ದಿನಕ್ಕೆ ಏಳು ಹಾಕುತ್ತೇವೆ ಎಂದಳು. ಹಾಗೆಂದು ಮಾತು ತಿರುಗಿಸಿ, ತನ್ನ ವಿದ್ಯಾರ್ಥಿಯೊಬ್ಬ ಇದ್ದಿಲು ತಿಂದ ಕಥೆ ಹೇಳಿದಳು. ಸುಯಿ ಆ ಕಥೆಗೆ ನಗುತ್ತಿದ್ದಳು. ನಾನು ಭಾಗಿಸುತ್ತಿದ್ದೆ. ನೂರ ನಲವತ್ತು ಭಾಗಿಸು ಏಳು, ಇಪ್ಪತ್ತು. ಸೋಮವಾರದಿಂದ ಇಪ್ಪತ್ತು ದಿನ, ಮೇ 17, ಶನಿವಾರ. ಬ್ರಿಕ್‌ಫೀಲ್ಡ್ಸಿನ ಭಾರತೀಯ ದಿನಸಿ ಅಂಗಡಿಯವರು ಕೊಟ್ಟ, ಲಕ್ಷ್ಮಿಯ ಚಿತ್ರವಿರುವ ಕ್ಯಾಲೆಂಡರು ನಮ್ಮ ಅಡುಗೆಮನೆಯ ಗೋಡೆಯಲ್ಲಿದೆ. ಆ ತಾರೀಖಿಗೆ ಕೆಂಪು ಪೆನ್ನಿನಿಂದ ಸುತ್ತು ಹಾಕಿದೆ. ದುರುದ್ದೇಶ ಏನೂ ಇರಲಿಲ್ಲ. ಕಾರ್ಖಾನೆಯಲ್ಲಿ ಹಿಟ್ಟು ಮುಗಿಯುವ ದಿನಕ್ಕೂ ನಾನು ಹೀಗೆಯೇ ಸುತ್ತು ಹಾಕುತ್ತೇನೆ.

ಮರುದಿನ ಬೆಳಗ್ಗೆ ಸುಯಿ ಚಹಾ ಸೋಸುತ್ತ ಕೇಳಿದಳು.

"ಹದಿನೇಳಕ್ಕೆ ಏನು? ನಿನ್ನ ಹುಟ್ಟುಹಬ್ಬಾನಾ?"

ಬುದ್ಧಿಯಿದ್ದವಳು ಹೌದು ಎಂದು ಒಂದು ಕೇಕು ತಿಂದು ಸುಮ್ಮನಾಗುತ್ತಿದ್ದಳು. ನಾನು ನೋಟುಬುಕ್ಕು ತಂದು ಭಾಗಾಕಾರ ತೋರಿಸಿದೆ, ಶೇಷ ಸೊನ್ನೆ ಬಂದದ್ದನ್ನೂ ತೋರಿಸಿದೆ.

ಸುಯಿ ಬೈಯಲಿಲ್ಲ. ಚಹಾದ ಜರಡಿ ಕೆಳಗಿಟ್ಟಳು. "ಅಲ್ಲಿ ಇರೋದು ನನ್ನ ಅಮ್ಮ. ಬಿಸ್ಕತ್ತಲ್ಲ" ಎಂದಳು. ಅಕ್ಕಿಡಬ್ಬಿ ತೆರೆದು ಟಿನ್ನು ತೆಗೆದುಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಮೇಲಿನ ಹತ್ತೊಂಬತ್ತು ದಿನ ಟಿನ್ನು ಅವಳ ಕೋಣೆಯಲ್ಲೇ ಇತ್ತು. ಲೋಟದಿಂದ ಅಳೆದು ಅನ್ನ ಮಾಡಿದೆ. ಗಂಜಿಯಾದದ್ದು ಆರು ಸಲ, ಕಾಳು ಕಾಳಾಗಿ ಉಳಿದದ್ದು ನಾಲ್ಕು ಸಲ, ತಳ ಹಿಡಿದದ್ದು ಎರಡು ಸಲ. ಉಳಿದ ದಿನ ಮಾಮಕ್ ಅಂಗಡಿಯಿಂದ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಿಂದ, ರೊಟ್ಟಿ ಕಟ್ಟಿಸಿಕೊಂಡು ಬಂದೆವು. ಸುಯಿ ಮಾತಾಡುತ್ತಿದ್ದಳು, ಆದರೆ ಉಪ್ಪು ಕೊಡು, ಗ್ಯಾಸ್ ಆರಿಸು ಎಂಬಷ್ಟೇ. ತಳ ಹಿಡಿದ ಅನ್ನದ ವಾಸನೆಗೆ ಮೇಲೆ ಬಂದ ಲಲಿತಾ ಆಂಟಿ ತಮ್ಮ ತಮಿಳುಗನ್ನಡದಲ್ಲಿ, "ಅಯ್ಯೋ, ಇಬ್ಬರು ಹುಡುಗೀರು, ಒಂದು ಸೋರು ಮಾಡಕ್ಕೆ ಬರಲ್ವಾ? ಹೆಂಗೆ ಕಲ್ಯಾಣ ಆಗೋದು ಮಾ?" ಎಂದರು. ಅದು ಹದಿನಾರನೆಯ ಸಲ.

ಕಷ್ಟವೆಂದರೆ ಮೇ 4ರಂದು ಸಂದೇಶ ಬರಲಿಲ್ಲ. ಸುಯಿಯೇ ಒಂದು ಉದ್ದನೆಯ ಸಂದೇಶ ಕಳಿಸಿದಳು. ಅದರಲ್ಲಿ ನನ್ನ ಹೆಸರು ಮೂರು ಸಲ ಬಂತು, ಹೊಗಳಿಕೆಯಂತೇನೂ ಕೇಳಿಸಲಿಲ್ಲ. ಒಂದೇ ಗೆರೆ ಬಿತ್ತು, ತಲುಪಿದ ಗುರುತಿನ ಎರಡನೆಯ ಗೆರೆ ಬೀಳಲಿಲ್ಲ. ಮೇ 11ರಂದೂ ಇಲ್ಲ. ಅವಳು ದಿನಕ್ಕೆ ಎಷ್ಟು ಸಲ ಆ ಒಂದು ಗೆರೆ ನೋಡುತ್ತಾಳೆಂದು ಎಣಿಸತೊಡಗಿ, ನಡುವೆಯೇ ಬಿಟ್ಟುಬಿಟ್ಟೆ. ನನ್ನ ದಿನಚರಿಯಲ್ಲಿ ಅರ್ಧಕ್ಕೆ ನಿಂತ ಲೆಕ್ಕ ಅದೊಂದೇ.

ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಆಕೆ ಸಮಾಧಾನ ಹೇಳುವಳೆಂದುಕೊಂಡಿದ್ದೆ.

"ಏನ್ ಹುಡುಗಿ ಅದಿ ನೀ? ನಮ್ಮನ್ಯಾಗ ಡಬ್ಬಿ ಡಣಡಣ ಅಂದ್ರೂ ಅಕ್ಕಿ ತೀರ್ತು ಅಂತ ಎಂದಾರ ಅಂದೇವೇನು? ಹೆಚ್ಚೇತಿ ಅಂತೀವಿ. ನೀ ಕೆಂಪ್ ಮಸಿಲೇ ತಾರೀಖ ಹಾಕಿ ಬರದಿ! ಅದೂ ಲಕ್ಷ್ಮಿ ಫೋಟೋದ ಬುಡಕ!"

"ಅದು ಬರೇ ಲೆಕ್ಕ ಅಮ್ಮ."

"ಲೆಕ್ಕ ಸುಡು. ಹೊನ್ನವ್ವಗ ಏನರ ಮಾಡಿ ಹಾಕು ಮೊದ್ಲ."

ಮೇ 17 ಬಂತು. ಶನಿವಾರ, ಇಬ್ಬರಿಗೂ ರಜೆ. ಸುಯಿ ಬೆಳಗ್ಗೆಯೇ ಹೇಳಿದಳು, ಇವತ್ತು ನನಗೆ ಅನ್ನ ಬೇಡ. ಕಾರಣ ಕೇಳಬೇಕಾಗಿರಲಿಲ್ಲ. ನಾನು ಕೆಳಗೆ ಹೋಗಿ ಗೋವಿನಜೋಳದ ರವೆ ತಂದು ನಮ್ಮ ಕಡೆಯ ನುಚ್ಚು ಮಾಡಿದೆ, ಮೇಲೆ ಮಜ್ಜಿಗೆ, ಪಕ್ಕದಲ್ಲಿ ಹಸಿಮೆಣಸಿನಕಾಯಿ ಖಾರ. ತಟ್ಟೆ ಅವಳ ಮುಂದಿಟ್ಟೆ. ಒಂದು ತುತ್ತು ಬಾಯಿಗಿಟ್ಟವಳು ನಿಲ್ಲಿಸಿದಳು.

"ಇದು ನಮ್ಮ ಗುಡ್ಡದ ಊಟ. ಮಜ್ಜಿಗೆ ಇರಲ್ಲ, ಮೂಳೆ ಇರ್ತದೆ. ನಿನಗೆ ಹೇಗೆ ಗೊತ್ತು?"

"ಗೊತ್ತಿಲ್ಲ. ಇದು ನಮ್ಮ ಊಟ."

"ಮಜ್ಜಿಗೆ ಹಾಕಿ ಕೆಡಿಸಿದೀಯ" ಎಂದು ಎರಡನೆಯ ಸಲ ಬಡಿಸಿಕೊಂಡಳು. ಆ ಧೈರ್ಯದ ಮೇಲೆ ತಪ್ಪಾಯಿತು ಎಂದೆ. ನಮ್ಮ ಮನೆಗಳಲ್ಲಿ ಅಕ್ಕಿ ಮುಗಿದರೂ ಹೆಚ್ಚಿದೆ ಎನ್ನುತ್ತೇವೆ, ಅಮ್ಮ ಅದಕ್ಕೇ ಬೈದಳು ಎಂದೂ ಹೇಳಿದೆ.

"ಅದು ಸುಳ್ಳಲ್ವಾ?"

"ಸುಳ್ಳೇ."

ಅವಳು ಕ್ಯಾಲೆಂಡರಿನ ಕೆಂಪು ಸುತ್ತಿನತ್ತ ಕೈ ತೋರಿಸಿದಳು. "ಹಾಗಾದ್ರೆ ಅಲ್ಲಿ ಬರಿ, ನಿನ್ನ ಭಾಷೇಲಿ." ನಾನು ಸುತ್ತಿನೊಳಗೆ 'ಹೆಚ್ಚಿದೆ' ಎಂದು ಬರೆದೆ. ಅವಳು ಎದ್ದು ಕೋಣೆಯಿಂದ ಟಿನ್ನು ತಂದು ಡಬ್ಬಿಗೆ ಹಾಕಿದಳು.

ಮರುದಿನ ಭಾನುವಾರವೂ ಸಂದೇಶ ಬರಲಿಲ್ಲ. ಆ ವಾರ ಹೇಗೆ ಕಳೆಯಿತೋ ಬರೆಯುವುದಿಲ್ಲ. ಬಿಸ್ಕತ್ತುಗಳನ್ನು ಅಗತ್ಯಕ್ಕಿಂತ ಹೆಚ್ಚು ಮುರಿದೆ ಎಂದರೆ ಸಾಕು.

ಮೇ 25, ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ. ಟಿನ್ನಿಗೆ ಒರಗಿದ್ದ ಫೋನು ಟಣ್ ಎಂದಿತು, ಇನ್ನೊಮ್ಮೆ ಟಣ್, ಮತ್ತೆ ಮತ್ತೆ. ಏಳು ಸಂದೇಶ. ಮೊದಲನೆಯದನ್ನು ಒತ್ತು ಎಂದು ಸುಯಿ ಫೋನನ್ನು ನನ್ನತ್ತ ತಳ್ಳಿದಳು. ನಾನೇ ಒತ್ತಿದೆ. ಏದುಸಿರು, ಗಾಳಿಯ ಸದ್ದು, ಆಮೇಲೆ ಎಸ್ತರ್.

"ಅಕ್ಕಾ, ಎಲ್ಲರೂ ಚೆನ್ನಾಗಿದೀವಿ. ಮೊದಲು ಇದನ್ನ ಹೇಳ್ತೀನಿ, ಆಮೇಲೆ ಉಸಿರು ತಗೋತೀನಿ."

ಸುಯಿ ಅಷ್ಟಕ್ಕೆ ಅರ್ಥ ಹೇಳಿ ಮೇಜಿನ ಮೇಲೆ ತಲೆ ಇಟ್ಟಳು. ಉಳಿದದ್ದನ್ನು ಕೇಳಲು ನಮಗೆ ಒಂದು ಗಂಟೆ ಬೇಕಾಯಿತು. ಮಳೆಗೆ ಗುಡ್ಡದ ದಾರಿ ಕುಸಿದಿತ್ತು. ಹೊಸ ದಾರಿ ಕಡಿಯುವವರೆಗೆ ಬಂಡೆಗೆ ಹೋಗಲಾಗಲಿಲ್ಲ. ನನ್ನ ಕೆಂಪು ಸುತ್ತನ್ನು ದೂರಿದ್ದ ಅಕ್ಕನ ಹಳೆಯ ಸಂದೇಶವೂ ಅವಳಿಗೆ ಆಗಲೇ ತಲುಪಿದ್ದು. ಐದನೆಯದು ನನಗಾಗಿ ಇತ್ತು.

"ನಿನ್ನ ನೋಟುಬುಕ್ಕಿನ ಗೆಳತಿಗೆ ಹೇಳು, ಅವಳ ಲೆಕ್ಕ ಸರಿ. ಹದಿನೇಳಕ್ಕೇ ಡಬ್ಬಿಯ ತಳ ಕಂಡಿತು. ನಾನೇ ಬೆಚ್ಚಿಬಿದ್ದೆ. ಆದ್ರೆ ಅವಳು ಹಿಡಿ ಬಿಟ್ಟಿದಾಳೆ! ಹಿಡಿ ಎಲ್ಲಿ? ಅವಳಿಗೆ ಯಾರೂ ಅಡುಗೆ ಕಲಿಸಲಿಲ್ವಾ?"

ಅಲ್ಲಿನ ಪದ್ಧತಿ ಸುಯಿಗೂ ಆಗಲೇ ನೆನಪಾದದ್ದು. ಊರು ಬಿಟ್ಟು ಬಂದ ಮೇಲೆ ಮರೆತಿದ್ದಳಂತೆ. ಪ್ರತಿ ಸಲ ಒಲೆಗೆ ಇಡುವ ಮುನ್ನ, ಅಳೆದ ಅಕ್ಕಿಯಿಂದ ಮನೆಯಾಕೆ ಒಂದು ಹಿಡಿ ತೆಗೆದು ಬೇರೆ ಇಡುತ್ತಾಳೆ. ಭಾನುವಾರ ಅದನ್ನು ಚರ್ಚಿಗೆ ಒಯ್ಯುತ್ತಾರೆ. ಮೊದಲು ಅದನ್ನು ಚರ್ಚಿನ ಖರ್ಚಿಗೆಂದು ಪೇಟೆಗೆ ಒಯ್ದು ಮಾರುತ್ತಿದ್ದರು. ರಸ್ತೆ ಕೆಟ್ಟಾಗಿನಿಂದ ಹೆಂಗಸರೆಲ್ಲ ಸೇರಿ ಅದನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಎಸ್ತರಳ ಶಾಲೆಯ ಹಿಂದೆಯೇ ಇಟ್ಟಿದ್ದಾರೆ. ಯಾವ ಮನೆಯ ಡಬ್ಬಿಯ ತಳ ಕಂಡರೂ ಅಲ್ಲಿಂದ ಕೊಡುತ್ತಾರೆ. ಹದಿನೆಂಟಕ್ಕೆ ಅವರ ಮನೆಗೂ ಕೊಟ್ಟರು. ಈಗ ಗಡಿಯ ಕಡೆಯಿಂದ ಜನ ಬೆನ್ನ ಮೇಲೆ ಅಕ್ಕಿ ಹೊತ್ತು ತರುತ್ತಿದ್ದಾರೆ.

ಡ್ರಮ್ಮಿನಲ್ಲಿ ಇನ್ನೆಷ್ಟು ಟಿನ್ನು ಇದೆ ಕೇಳು ಎಂದೆ, ಹುಟ್ಟುಗುಣ. ಉತ್ತರ ಜೂನ್ 1ರಂದು ಬಂತು. "ಅದನ್ನ ಯಾರಾದ್ರೂ ಅಳೀತಾರಾ? ಹಿಡೀಗೆ ಲೆಕ್ಕ ಇಲ್ಲ." ಸುಯಿ ಅರ್ಥ ಹೇಳಿ ಮುಗಿಸುವ ಮೊದಲೇ ನನ್ನ ಕಿವಿಯಲ್ಲಿ ಅಜ್ಜಿ ಹೇಳಿಬಿಟ್ಟಿದ್ದಳು.

ಆ ಸಂಜೆಯೇ ಅಮ್ಮನಿಗೆ ಫೋನು ಮಾಡಿ ನಾಲ್ಕನೆಯ ತರಗತಿಯ ನೋಟುಬುಕ್ಕು ಹುಡುಕಿಸಿದೆ. 'ಅಜ್ಜಿಯ ತಪ್ಪು' ಎಂಬುದು ನಲವತ್ತೊಂದು ಕಡೆ ಇದೆ. ಅಷ್ಟೂ ಹೊಡೆದುಹಾಕಲು ಹೇಳಿದ್ದೇನೆ. ನನ್ನ ದಿನಚರಿಯಲ್ಲಿ ಹೊಸ ಪುಟ ತೆಗೆದು 'ನನ್ನ ತಪ್ಪು ಲೆಕ್ಕಗಳು' ಎಂದು ತಲೆಬರಹ ಕೊಟ್ಟು, ಕೆಳಗೆ ಮೊದಲ ಅಂಕಿಯ ಜಾಗದಲ್ಲಿ ಬರೆದೆ: ಲಾಭ.

ಒಂದು ಮಾತ್ರ ಉಳಿದಿದೆ. ಅಜ್ಜಿಯ ಆ ಸಣ್ಣ ಗಡಿಗೆಯ ಅಕ್ಕಿ ಎಲ್ಲಿಗೆ ಹೋಗುತ್ತಿತ್ತು? ಅಮ್ಮನಿಗೆ ಗೊತ್ತಿಲ್ಲ. "ಮಠಕ್ಕೋ ಏನೋ. ತುಂಬಿದ ದಿನಾ ಸೆರಗಿನ್ಯಾಗ ಮುಚ್ಚಿಕೊಂಡು ಹೋಗಿ ಬರಿಗೈಲೆ ಬರ್ತಿದ್ಲು. ಕೇಳಿದ್ರ ಹೇಳ್ತಿದ್ದಿಲ್ಲ" ಎಂದಳು. ಆ ಕಾಲದಲ್ಲಿ ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಇದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಮೂಗಿನ ಎಡಕ್ಕೆ ಹಸಿರು ಕಲ್ಲಿನ ನತ್ತು ಇಟ್ಟುಕೊಂಡ, ಸೆರಗಿನಲ್ಲಿ ಅಕ್ಕಿ ತರುತ್ತಿದ್ದ ಒಬ್ಬ ಮುದುಕಿ ನಿಮ್ಮ ಮನೆಗೋ ಪಕ್ಕದ ಮನೆಗೋ ಬಂದದ್ದು ನೆನಪಿದ್ದರೆ, ದಯವಿಟ್ಟು ಬರೆಯಿರಿ. ನಿಮ್ಮ ಮನೆಯಲ್ಲೂ ಇಂಥ ಗಡಿಗೆ ಇದ್ದರೆ ಅದನ್ನೂ ಬರೆಯಿರಿ, ಎಸ್ತರಳಿಗೆ ಹೇಳಬೇಕು.

ಈಗ ಎರಡು ಗಂಟೆ ಇಪ್ಪತ್ತೈದು ನಿಮಿಷ. ಸುಯಿ ತುಕ್ಕು ಹಿಡಿದ ಟಿನ್ನಿಗೆ ಫೋನು ಒರಗಿಸಿ ಕೂತಿದ್ದಾಳೆ. ಬೆಳಗ್ಗೆ ಅನ್ನಕ್ಕಿಡುವಾಗ ಅವಳು ಲಾಬಾ, ಎರದು, ಮೂರು ಎಂದು ಅಳೆದು, ಒಂದು ಹಿಡಿ ತೆಗೆದು ಬೇರೆ ಪಾತ್ರೆಗೆ ಹಾಕಿದಳು. ಯಾರಿಗೆ ಕೊಡುವುದೆಂದು ಇನ್ನೂ ಗೊತ್ತಾಗಿಲ್ಲ. ನಾನು ಮೂರು ಎಂದು ಮಾತ್ರ ಬರೆದುಕೊಂಡಿದ್ದೇನೆ.